ಮೈಸೂರಿನ ಚೆಕ್ಕಿಗೆ ಮೂರು ವಾರ

ಬೆಳಿಗ್ಗೆ ರಾಜಾಜಿನಗರದ ಬ್ಯಾಂಕಿನಲ್ಲಿ ಒಂದು ಚೆಕ್ಕು ಹಾಕಿ, ಬರುವ ದಾರಿಯಲ್ಲಿ ಎರಡು ಕಟ್ಟು ಮೆಂತ್ಯ ಸೊಪ್ಪು ಕೊಂಡು ಮನೆಗೆ ಬಂದೆ. ಊಟವಾಯಿತು, ಒಂದು ಸಣ್ಣ ನಿದ್ದೆಯೂ ಆಯಿತು. ಕಾಫಿಗೆಂದು ಹಾಲು ಒಲೆಯ ಮೇಲಿಡುವಷ್ಟರಲ್ಲಿ ಫೋನು ಟಿಣ್ ಎಂದಿತು. ನೋಡಿದರೆ, ಚೆಕ್ಕಿನ ದುಡ್ಡು ಖಾತೆಗೆ ಬಂದಿದೆ! ಇದರಲ್ಲೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಯಾಕೆಂದರೆ ಒಂದು ಕಾಲದಲ್ಲಿ ಚೆಕ್ಕುಗಳನ್ನು ಕಾಯಿಸುವುದೇ ನನ್ನ ಕೆಲಸವಾಗಿತ್ತು, ಅದಕ್ಕೆ ನನಗೆ ಸಂಬಳವನ್ನೂ ಕೊಡುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ನಾಲ್ಕು ವರ್ಷ. ವಿಜಯನಗರದ ಒಂದು ಬ್ಯಾಂಕಿನ ಶಾಖೆಯಲ್ಲಿ ಗುಮಾಸ್ತೆ. ನನ್ನದು ಕಲೆಕ್ಷನ್ ಸೀಟು. ಹಾಗೆಂದರೆ, ಬೇರೆ ಊರಿನ ಬ್ಯಾಂಕಿನ ಮೇಲೆ ಬರೆದ ಚೆಕ್ಕುಗಳು ನನ್ನ ಮೇಜಿಗೆ ಬರುತ್ತಿದ್ದವು. ಅವನ್ನು ರಿಜಿಸ್ಟರಿನಲ್ಲಿ ಬರೆದು, ನಮ್ಮ ಶಾಖೆಯ ಮೊಹರು ಒತ್ತಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಆ ಊರಿಗೆ ಕಳಿಸಬೇಕು. ಅಲ್ಲಿ ದುಡ್ಡು ಸಿಕ್ಕಿದೆ ಎಂಬ ಕಾಗದ ತಿರುಗಿ ಬಂದ ಮೇಲೆ ಗಿರಾಕಿಯ ಖಾತೆಗೆ ಜಮಾ. ‘ಎಷ್ಟು ದಿನ ಆಗುತ್ತೆ?’ ಎಂದು ಯಾರೇ ಕೇಳಲಿ, ತಲೆ ಎತ್ತದೆ ‘ಮೂರು ವಾರ’ ಎನ್ನುತ್ತಿದ್ದೆ. ಆ ಎರಡು ಪದಗಳನ್ನು ಹೇಳುವಾಗ ನನ್ನ ಗತ್ತು ನೀವು ನೋಡಬೇಕಿತ್ತು. ಸರ್ಕಾರವೇ ನನ್ನ ಬಾಯಲ್ಲಿ ಕೂತು ಮಾತಾಡುತ್ತಿದೆಯೇನೋ ಎನ್ನುವ ಹಾಗೆ.

ಒಂದು ಸೋಮವಾರ ಕೆಂಪಮ್ಮ ಬಂದರು. ಕೆಂಗೇರಿಯ ಆಚೆಯ ಹಳ್ಳಿಯವರು. ಹಿಂದೆ ಹಸು ಸಾಲ ತೆಗೆದುಕೊಂಡು ಸರಿಯಾಗಿ ತೀರಿಸಿದ್ದರಿಂದ ನಮ್ಮಲ್ಲಿ ಅವರದೊಂದು ಖಾತೆ ಇತ್ತು. ಹೊಲದಲ್ಲಿದ್ದ ಎರಡು ಹಲಸಿನ ಮರಗಳನ್ನು ಮೈಸೂರಿನ ಮರದ ವ್ಯಾಪಾರಿಯೊಬ್ಬರಿಗೆ ಮಾರಿ, ಅವರು ಕೊಟ್ಟ ಚೆಕ್ಕನ್ನು ತಂದಿದ್ದರು. ನನ್ನ ಕೈಗಿಟ್ಟು, ‘ದುಡ್ಡು ಕೊಡವ್ವ’ ಎಂದರು. ನಾನು ನನ್ನ ಎರಡು ಪದ ಹೇಳಿದೆ.

‘ಮೈಸೂರ್ಗೆ ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನದೊಳಗೆ ಓಯ್ತೀವಿ. ಈ ಕಾಗ್ದಕ್ಕೆ ಮೂರು ವಾರ ಯಾಕವ್ವ? ನಡ್ಕೊಂಡ್ ಓಯ್ತದಾ?’

ಪಕ್ಕದ ಸೀಟಿನವರು ನಕ್ಕರು. ನಾನು ನಗಲಿಲ್ಲ. ಮೊಹರು ಒತ್ತಿ, ರಸೀದಿ ಹರಿದು ಕೊಟ್ಟು ಕಳಿಸಿದೆ.

ಮಾರನೆಯ ದಿನ ಅವರು ಮತ್ತೆ ಬಂದರು. ಜೊತೆಗೆ ಮಗಳು ಸರೋಜ, ಹದಿನೆಂಟರ ಹುಡುಗಿ, ಕೈಯಲ್ಲೊಂದು ಸರ್ಕಾರಿ ಲಕೋಟೆ. ಅವಳಿಗೆ ಟಿ.ಸಿ.ಎಚ್. ಸೀಟು ಸಿಕ್ಕಿತ್ತು, ಪ್ರೈಮರಿ ಶಾಲೆಯ ಮೇಡಂ ಆಗುವುದಕ್ಕೆ ಓದಬೇಕಾದ ಓದು ಅದು. ಶುಕ್ರವಾರದೊಳಗೆ ಫೀಜು ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ಮರ ಮಾರಿದ್ದೇ ಅದಕ್ಕೆ.

ಅವರನ್ನು ಮ್ಯಾನೇಜರ ಹತ್ತಿರ ಕರೆದುಕೊಂಡು ಹೋದೆ. ಚೆಕ್ಕನ್ನು ಇಟ್ಟುಕೊಂಡು ಬ್ಯಾಂಕೇ ಮುಂಗಡ ದುಡ್ಡು ಕೊಡುವ ಪದ್ಧತಿ ಆಗಲೂ ಇತ್ತು. ದೊಡ್ಡ ಅಂಗಡಿಯವರಿಗೆ, ಫ್ಯಾಕ್ಟರಿಯವರಿಗೆ ದಿನವೂ ಕೊಡುತ್ತಿದ್ದೆವು. ಮ್ಯಾನೇಜರು ಚೆಕ್ಕನ್ನು ತಿರುವಿ ನೋಡಿ, ‘ಬರೆದವರು ಯಾರೋ ಏನೋ. ವಾಪಸ್ ಬಂದ್ರೆ ಈ ಅಮ್ಮನ್ನ ನಾನು ಏನಂತ ಕೇಳ್ಲಿ? ಆಗಲ್ಲಮ್ಮ’ ಎಂದರು. ಕೆಟ್ಟವರಲ್ಲ, ನಿವೃತ್ತಿಗೆ ಎರಡೇ ವರ್ಷ ಇದ್ದವರು.

ಹೊರಗೆ ಬಂದಾಗ ಸರೋಜ ಮೆಲ್ಲಗೆ ಕೇಳಿದಳು. ‘ಮೇಡಂ, ಪೋಸ್ಟಲ್ಲಿ ಕಳ್ಸೋ ಬದ್ಲು ನಾವೇ ತಗೊಂಡ್ ಹೋದ್ರೆ?’

ನಾನು ನಕ್ಕುಬಿಟ್ಟೆ. ಆದರೆ ಕ್ಯಾಷ್ ಕೌಂಟರಿನಲ್ಲಿದ್ದ ಹಿರಿಯರಾದ ಶ್ರೀನಿವಾಸಯ್ಯನವರು ನಗಲಿಲ್ಲ. ‘ಹುಡುಗಿ ಸರಿಯಾಗೇ ಕೇಳ್ತಾ ಇದಾಳಲ್ಲ’ ಎಂದು ನಮ್ಮನ್ನು ಹತ್ತಿರ ಕರೆದರು. ಚೆಕ್ಕಿನ ಮೂಲೆಯಲ್ಲಿ ಎರಡು ಅಡ್ಡ ಗೆರೆ ಇತ್ತು. ಖಾತೆಗೇ ಹೋಗಬೇಕು, ಕೈಗೆ ಕೊಡಬಾರದು ಎಂದು ಅದರ ಅರ್ಥ. ಬರೆದ ಸಾಹುಕಾರರೇ ಆ ಗೆರೆ ರದ್ದು ಮಾಡಿ ಸಹಿ ಹಾಕಿದರೆ, ಅವರ ಬ್ಯಾಂಕಿನ ಕೌಂಟರಿನಲ್ಲೇ ನಗದು ಸಿಗುತ್ತದೆ. ‘ಆದ್ರೆ ಈಯಮ್ಮಂದು ಹೆಬ್ಬೆಟ್ಟು. ಮೈಸೂರಲ್ಲಿ ಇವರು ಯಾರೂಂತ ಯಾರಿಗೂ ಗೊತ್ತಿಲ್ಲ. ಗುರುತು ಹೇಳೋರು ಒಬ್ರು ಜೊತೆಗೆ ಹೋಗ್ಬೇಕು. ಬ್ಯಾಂಕಿನವರಾದ್ರೆ ಒಳ್ಳೇದು.’

ಹೀಗೆ ಹೇಳಿ ಅವರು ನನ್ನ ಕಡೆ ನೋಡಿದರು. ಕೆಂಪಮ್ಮನೂ ನೋಡಿದರು. ನನ್ನ ಇಪ್ಪತ್ನಾಲ್ಕು ವರ್ಷದ ಬಾಳಿನಲ್ಲಿ ನಿಯಮ ಬಿಟ್ಟು ಒಂದು ಹೆಜ್ಜೆ ಇಟ್ಟವಳಲ್ಲ ನಾನು. ಆದರೂ ಬಾಯಿ, ನನ್ನನ್ನು ಕೇಳದೆಯೇ, ‘ನಾಳೆ ರಜಾ ಹಾಕ್ತೀನಿ’ ಎಂದಿತು.

ಚೆಕ್ಕು ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು. ‘ಪುಣ್ಯಕ್ಕೆ ಇನ್ನೂ ಕಳಿಸಿರ್ಲಿಲ್ಲ’ ಎಂದು ಏನೋ ಉಪಕಾರ ಮಾಡಿದವಳ ಹಾಗೆ ತೆಗೆದುಕೊಟ್ಟೆ. ಅದರ ಮೇಲೆ ನಾನೇ ಆತುರದಲ್ಲಿ ಒತ್ತಿದ್ದ ಮೊಹರನ್ನು ರದ್ದು ಮಾಡಿಸಲು ಆಫೀಸರ ಮುಂದೆ ಕಾಲು ಗಂಟೆ ನಿಲ್ಲಬೇಕಾಯಿತು.

ಬುಧವಾರ ಬೆಳಿಗ್ಗೆ ಮನೆಯಲ್ಲಿ ‘ಟ್ರೈನಿಂಗ್ ಇದೆ’ ಎಂದು ಸುಳ್ಳು ಹೇಳಿ ಎರಡು ಬಸ್ಸು ಬದಲಾಯಿಸಿ ಕೆಂಗೇರಿ ಸ್ಟೇಷನ್ ಸೇರಿದೆ. ತಾಯಿ ಮಗಳು ಆಗಲೇ ಬಂದು ನಿಂತಿದ್ದರು. ರೈಲಿನಲ್ಲಿ ಕೆಂಪಮ್ಮ ರಾಗಿ ರೊಟ್ಟಿಯ ಗಂಟು ಬಿಚ್ಚಿ, ಹುಚ್ಚೆಳ್ಳು ಚಟ್ನಿ ಹಚ್ಚಿ ನನಗೆ ಮೊದಲು ಕೊಟ್ಟರು.

‘ಮನೇಲಿ ಏನಂತ ಹೇಳಿ ಬಂದ್ರಿ?’ ಎಂದೆ.

‘ನೆಂಟ್ರ ಮನೇಗೆ ಅಂತ. ನಮ್ಮೆಜಮಾನ್ರು, ಹೆಣ್ಣುಡ್ಗಿ ಓದಿ ಏನಾಗ್ಬೇಕು ಅಂತಾರೆ. ಆ ಹೊಲ ನಮ್ಮಪ್ಪ ನಂಗೆ ಕೊಟ್ಟಿದ್ದು ಕಣವ್ವ. ಮರ ನಂದು, ಮಗ್ಳು ನಂದು. ನೀನೇನಂದು ಬಂದೆ?’

ನನ್ನ ಸುಳ್ಳನ್ನು ಹೇಳಿದೆ. ಮೂವರೂ ನಕ್ಕೆವು. ಸುಳ್ಳು ಹೇಳಿ ಬಂದ ಹೆಂಗಸರ ನಡುವೆ ಸ್ನೇಹ ಎಷ್ಟು ಬೇಗ ಕುದುರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾಗಿದ್ದು.

ರಾಮನಗರದ ಬಂಡೆಗಳನ್ನು ದಾಟಿದ ಮೇಲೆ ಸರೋಜ ಕೇಳಿದಳು. ‘ಮೇಡಂ, ಮೂರು ವಾರ ಅಂದ್ರಲ್ಲ. ಅಷ್ಟು ದಿನ ಚೆಕ್ಕು ಎಲ್ಲಿರುತ್ತೆ?’

ಪಾಠ ಕೇಳುವ ಹುಡುಗಿಯ ಪ್ರಶ್ನೆ ಅದು, ಆಕ್ಷೇಪಣೆಯಲ್ಲ. ಉತ್ತರಿಸಲು ಹೊರಟು ನಾನು ತಡವರಿಸಿದೆ. ಪೋಸ್ಟಿನಲ್ಲಿ ಎರಡು ದಿನ. ಮೈಸೂರಿನ ಮೇಜಿನಲ್ಲಿ ಒಂದಷ್ಟು ದಿನ. ವಾಪಸ್ ಬರಲು ಎರಡು ದಿನ. ಉಳಿದದ್ದು? ‘ಅದೊಂದು ಪ್ರೊಸೀಜರ್’ ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡೆ.

ಮೈಸೂರಿನಲ್ಲಿ ಮರದ ಡಿಪೋ ಹುಡುಕುವುದು ಕಷ್ಟವಾಗಲಿಲ್ಲ. ಸಾಹುಕಾರರು ನಮ್ಮನ್ನು ಕಂಡು ಗೌರವದಿಂದಲೇ ಕುರ್ಚಿ ಹಾಕಿಸಿದರು. ನಾನು ಬಂದ ಕಾರಣ ಹೇಳಿ, ಗೆರೆ ರದ್ದು ಮಾಡಿ ಸಹಿ ಹಾಕಿಕೊಡಿ, ಎರಡು ಗಂಟೆಗೆ ಬ್ಯಾಂಕು ಮುಚ್ಚುತ್ತದೆ ಎಂದೆ. ಅವರ ಮುಖ ಸಪ್ಪಗಾಯಿತು. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

‘ನೀವು ಬ್ಯಾಂಕಿನವರು, ನಿಮ್ಮ ಹತ್ರ ಮುಚ್ಚಿಡೋದೇನು. ಖಾತೆಯಲ್ಲಿ ಈಗ ದುಡ್ಡಿಲ್ಲ ಮೇಡಂ. ಬೆಂಗಳೂರಿಂದ ಚೆಕ್ಕು ಬರೋಕೆ ಹೆಂಗೂ ಹದಿನೈದು ಇಪ್ಪತ್ತು ದಿನ ಆಗುತ್ತೆ, ಅಷ್ಟರಲ್ಲಿ ತುಂಬಿದ್ರಾಯ್ತು ಅಂತ ಬರೆದುಕೊಟ್ಟೆ. ಎಲ್ಲರೂ ಹಂಗೇ ಮಾಡೋದು.’

ಸಾವಿರ ಸಲ ಗತ್ತಿನಿಂದ ಹೇಳಿದ್ದ ಆ ಮೂರು ವಾರದ ಒಳಗೆ ಈ ಮನುಷ್ಯ ಹಾಯಾಗಿ ಕಾಲು ಚಾಚಿ ಮಲಗಿದ್ದ. ಹೊರಗೆ ಬಂದು ಕೆಂಪಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಳುತ್ತಾರೆ ಅಂದುಕೊಂಡೆ. ಸರೋಜಳ ಕಣ್ಣು ಆಗಲೇ ತುಂಬಿತ್ತು.

ಕೆಂಪಮ್ಮ ಅಳಲಿಲ್ಲ. ಡಿಪೋದ ಉದ್ದಕ್ಕೂ ದಿಮ್ಮಿಗಳನ್ನು ನೋಡುತ್ತಾ ನಡೆದರು. ಒಂದರ ಮುಂದೆ ನಿಂತು ತೊಗಟೆಯ ಮೇಲೆ ಕೈಯಾಡಿಸಿದರು. ಹಸು ಕಟ್ಟಿ ಕಟ್ಟಿ ಹಗ್ಗ ಸವೆಸಿದ ಗುರುತು ಅಲ್ಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ದಿಮ್ಮಿಯ ಮೇಲೆ ಕೂತುಬಿಟ್ಟರು.

‘ಸಾವ್ಕಾರ್ರೆ, ನನ್ ಮರ ಇನ್ನೂ ಇಲ್ಲೇ ಐತೆ. ನಿಮ್ ದುಡ್ಡು ಬಂದಿಲ್ಲ. ಅಂಗಾದ್ರೆ ಮರ ಇನ್ನೂ ನಂದೇ. ನೀವು ದುಡ್ಡು ಹೊಂಚ್ಕಳಿ, ನಾನು ಕೂತಿರ್ತೀನಿ. ನಂಗೇನೂ ಅವಸ್ರ ಇಲ್ಲ, ಶುಕ್ರವಾರದ್ ಗಂಟ.’

ಜಗಳದ ದನಿಯಲ್ಲ. ಬಸ್ಸಿಗೆ ಕಾಯುವವರ ದನಿ. ಸರೋಜ ಹೋಗಿ ಅಮ್ಮನ ಪಕ್ಕ ಕೂತಳು. ಬ್ಯಾಂಕಿನ ಗುರುತಿನ ಚೀಟಿ ಹಿಡಿದು ನಿಂತಿದ್ದ ನಾನು ಒಂದು ಕ್ಷಣ ಅತ್ತಿತ್ತ ನೋಡಿ, ಸರೋಜಳ ಪಕ್ಕ ಕೂತೆ. ದಿಮ್ಮಿ ಕೊಳ್ಳಲು ಬಂದ ಇಬ್ಬರು ನಮ್ಮನ್ನು ನೋಡಿ, ‘ಏನ್ ಸಾಹುಕಾರ್ರೆ, ಯಾರಿವರು?’ ಎಂದು ವಿಚಾರಿಸಿದರು. ಸಾಹುಕಾರರು ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಎರಡು ಗಂಟೆ ಹೊಡೆಯಿತು, ಬ್ಯಾಂಕು ಮುಚ್ಚಿತು. ಮೂರಕ್ಕೆ ಮುಂಚೆ ಅವರು ಗಲ್ಲಾದಲ್ಲಿದ್ದದ್ದು, ಪಕ್ಕದ ಅಂಗಡಿಯಲ್ಲಿ ಕೇಳಿ ತಂದದ್ದು ಎಲ್ಲ ಸೇರಿಸಿ ಅರ್ಧ ಮೊತ್ತ ನಗದು ಕೊಟ್ಟರು. ಹಳೆಯ ಚೆಕ್ಕು ಹರಿದು, ಉಳಿದರ್ಧಕ್ಕೆ ಹೊಸದು ಬರೆದರು.

‘ಇದು ಖಂಡಿತ ಪಾಸಾಗುತ್ತೆ ಅಮ್ಮ’ ಎಂದರು, ನನ್ನ ಮುಖ ನೋಡದೆ.

ಫೀಜಿಗೆ ಅರ್ಧವೇ ಸಾಕಾಗಿ ಮಿಕ್ಕುತ್ತಿತ್ತು. ಕೆಂಪಮ್ಮ ಎದ್ದು, ದಿಮ್ಮಿಯನ್ನೊಮ್ಮೆ ತಟ್ಟಿ, ‘ನಡೀರವ್ವ’ ಎಂದರು.

ವಾಪಸ್ ರೈಲಿನಲ್ಲಿ ಕತ್ತಲಾಗುವ ಹೊತ್ತಿಗೆ ನಾನು ಸರೋಜಳಿಗೆ ಉತ್ತರ ಕೊಟ್ಟೆ. ದಿನಕ್ಕೊಂದು ಲಕೋಟೆ ಯಾರು ಮಾಡುತ್ತಾರೆಂದು, ಬಂದ ಚೆಕ್ಕುಗಳನ್ನೆಲ್ಲ ಡ್ರಾಯರಿನಲ್ಲಿ ಕೂಡಿಹಾಕಿ ಶನಿವಾರ ಒಟ್ಟಿಗೆ ಕಳಿಸುವುದು ನನ್ನ ಅಭ್ಯಾಸ. ಮೈಸೂರಿನ ಮೇಜಿನವರೂ ಹಾಗೇ ಇರಬೇಕು. ಮೂರು ವಾರದಲ್ಲಿ ಒಂದು ವಾರ ಬರೀ ನಮ್ಮ ಸೋಮಾರಿತನ ಎಂದು ಹೇಳಿದೆ. ಹೇಳುವಾಗ ಕಿವಿ ಬಿಸಿಯಾಯಿತು. ನಿದ್ದೆ ಮಾಡುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದ ಕೆಂಪಮ್ಮ ಕಣ್ಣು ಬಿಡದೆಯೇ ಹೇಳಿದರು.

‘ಗೊತ್ತಾಯ್ತಲ್ಲ. ಇನ್ಮೇಲೆ ಇಟ್ಕಬೇಡ.’

ಇಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಗುರುವಾರ ಆಫೀಸಿಗೆ ಹೋದವಳೇ ಡ್ರಾಯರಿನಲ್ಲಿದ್ದ ಹನ್ನೆರಡು ಚೆಕ್ಕುಗಳನ್ನು ಮಧ್ಯಾಹ್ನದ ಪೋಸ್ಟಿಗೆ ಹಾಕಿದೆ. ಆಮೇಲೆ ಆ ಸೀಟಿನಲ್ಲಿ ಇದ್ದಷ್ಟು ಕಾಲವೂ ಅಂದಿನದನ್ನು ಅಂದೇ ಕಳಿಸಿದೆ. ದೊಡ್ಡ ಸಾಧನೆಯಲ್ಲ, ಮಾಡಬೇಕಾಗಿದ್ದ ಕೆಲಸ. ಸರೋಜ ಶುಕ್ರವಾರ ಬೆಳಿಗ್ಗೆಯೇ ಫೀಜು ಕಟ್ಟಿದಳು. ಉಳಿದರ್ಧದ ಚೆಕ್ಕು ಒಂಬತ್ತನೆಯ ದಿನ ಪಾಸಾಯಿತು. ಅವಳು ಮಾಗಡಿ ರಸ್ತೆಯ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ಈಗ ನಿವೃತ್ತಳಾಗಿದ್ದಾಳೆ. ಕೆಂಪಮ್ಮ ಹೋಗಿ ಬಹಳ ವರ್ಷವಾಯಿತು.

ಇಷ್ಟು ಬರೆದು ನಿಲ್ಲಿಸಿ, ಒಲೆಯ ಮೇಲೆ ಉಕ್ಕಿದ ಹಾಲು ಒರೆಸಲು ಎದ್ದೆ. ಬಟ್ಟೆ ಹಿಂಡಲು ನಲ್ಲಿ ತಿರುಗಿಸಿದಾಗ ನೀರು ಭರ್ರನೆ ಬಂತು. ತಿಂಗಳ ಹಿಂದೆ ಆ ಪೈಪು ಸರಿ ಮಾಡಿಕೊಟ್ಟವರು ಪ್ಲಂಬರ್ ಮುನಿರಾಜು. ಎರಡು ಸಲ ಬಂದು ಕೂಲಿ ಕೇಳಿದ್ದರು. ಎರಡು ಸಲವೂ ನಾನು, ‘ಮುಂದಿನ ವಾರ ನೋಡೋಣಪ್ಪ’ ಎಂದಿದ್ದೆ. ದುಡ್ಡಿರಲಿಲ್ಲವೆಂದಲ್ಲ. ಎದ್ದು ಪರ್ಸು ತೆಗೆಯುವ ಬೇಸರ, ಅಷ್ಟೇ.

ಒದ್ದೆ ಕೈಯಲ್ಲೇ ಫೋನು ಮಾಡಿದೆ.

‘ಅಯ್ಯೋ, ಅರ್ಜೆಂಟೇನಿಲ್ಲ ಮೇಡಂ, ನಿಧಾನಕ್ಕೆ ಕೊಡಿ’ ಎಂದರು ಮುನಿರಾಜು. ಆದರೆ ನಾನು ಫೋನು ಇಡುವ ಮೊದಲೇ, ‘ಈಗ್ಲೇ ಬರ್ಲಾ?’ ಎಂದರು.