ಕೆಂಪು ಕಂಡರಾಗದ ಮೌನೇಶ್

ಸಂಡೂರಿನ ಅದಿರು ಲಾರಿಗಳಿಗೆ ಅಂಟಿಸುವ ಬಣ್ಣದ ಬಾರ್‌ಕೋಡ್ ರೂಪಿಸುವ ನಮ್ಮ ಮೌನೇಶನಿಗೆ ಕೆಂಪು ಕಂಡರಾಗದು. ರಸ್ತೆ, ಮರ, ಎಮ್ಮೆಯೆಲ್ಲ ಕೆಂಧೂಳಾದ ಊರಲ್ಲಿ ಬಾರ್‌ಕೋಡ್ ಓದುವ ಗೇಟಿನ ಕ್ಯಾಮೆರಾ ಕೆಂಪಿಗೆ ಮೋಸಹೋಗುತ್ತದೆಂದು ಅವನ ವಾದ. ಮದುವೆಗೆ ಹೋದರೂ ಯಾವ ಹಸಿರು, ಯಾವ ನೀಲಿ ಎದ್ದು ಕಾಣುತ್ತದೆಂದು ಹೆಂಗಸರ ಸೀರೆಗಳಿಗೆ ಮೊಬೈಲ್ ಹಿಡಿದು ಬೈಸಿಕೊಂಡು ಬರುತ್ತಾನೆ. ಗಣಿಯ ಗೇಟಿಗೆ ಸಾಹೇಬರು ಬಂದರೆ ಸಾಕು, “ಯಾರೂ ಕೈ ಹಚ್ಚೋದು ಬ್ಯಾಡ್ರಿ, ಕ್ಯಾಮೆರಾನ ಎಲ್ಲಾ ಓದ್ತೈತಿ,” ಎನ್ನುತ್ತಾನೆ. ಆದರೆ ಪ್ರತಿ ಲಾರಿಯೂ ಕ್ಯಾಮೆರಾದೆದುರು ನಿಲ್ಲುವ ಮುನ್ನ, ಧೂಳು ಮೆತ್ತಿದ ಅವನ ಬಣ್ಣಗಳನ್ನು ಒದ್ದೆ ಬಟ್ಟೆಯಿಂದ ಒರೆಸಲು ಅಲ್ಲೊಬ್ಬ ಮುದುಕಿ ಇದ್ದಾಳೆ, ಎರ್ರೆಮ್ಮ. ಸಾಹೇಬರ ಮುಂದೆ ಅವನು, “ಏ ಮುದುಕಿ, ಅತ್ಲಾಗ ಸರಿ, ನೆಳ್ಳು ಬೀಳ್ತೈತಿ,” ಎಂದು ಗದರುತ್ತಾನೆ. ಎರ್ರೆಮ್ಮ ಬಟ್ಟೆ ಮುದುರಿಕೊಂಡು ಸರಿಯುತ್ತಾಳೆ. ಹೆತ್ತ ಮಗನ ಮಾತನ್ನು ಅವಳು ಎಂದೂ ಮೀರಿದವಳಲ್ಲ.