ಹುಣಸೆಮರದ ರೀಲು ಹಾಳಾದದ್ದು ನನ್ನಿಂದ

ತಾಳಿ, ಬೇರೇನನ್ನೋ ಓದಲು ಹೋಗುವ ಮುನ್ನ ಇದೊಂದು ಕೇಳಿ — ನನ್ನ ಗೆಳೆಯ ಅಫ್ಜಲ್‌ನ ಇನ್ಫ್ರಾರೆಡ್ ಫಿಲ್ಮ್ ರೀಲನ್ನು ಹಾಳು ಮಾಡಿದ್ದು ನಾನು. ಅವನಲ್ಲ.

ಆ ಫಿಲ್ಮಿನಲ್ಲಿ ಹಸಿರೆಲೆ ಹತ್ತಿಯಂತೆ ಬೆಳ್ಳಗೆ ಬರುತ್ತದೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಸ್ಟುಡಿಯೊದ ಫ್ರಿಜ್ಜಿನಲ್ಲಿ ನಮಗೆ ಸಿಕ್ಕಿದ್ದು ಒಂದೇ ರೀಲು. ಅಫ್ಜಲ್‌ಗೆ ಅದರಲ್ಲಿ ಹರಿಹರದ ತನ್ನ ಮನೆ ಮುಂದಿನ ಹುಣಸೆಮರ ಬೇಕಿತ್ತು, ಅದರ ಕೆಳಗೆ ಅವನ ದಾದಿ, ಅಂದರೆ ಅಪ್ಪನ ತಾಯಿ. ರಸ್ತೆ ಅಗಲ ಮಾಡಲು ಮರ ಕಡಿಯುವವರಿದ್ದರು. ದಾದಿ ಕುರ್ಚಿ ಹಾಕಿಸಿಕೊಂಡು ಕೂತು, "ನನ್ನ ತಲೆ ಹಂಗೆ ಮರಾನೂ ಬೆಳ್ಳಗಾಗ್ತೈತಾ? ತೆಗಿ, ನೋಡೇಬಿಡಾಣ" ಅಂದಿದ್ದರು.

ಈ ರೀಲಿನ ಡಬ್ಬಿಯನ್ನು ಪೂರ್ತಿ ಕತ್ತಲಲ್ಲೇ ತೆರೆಯಬೇಕು. ಹೊರಗೆ ಚಾಚಿದ ಫಿಲ್ಮಿನ ತುದಿಯಿಂದಲೇ ಬೆಳಕು ಒಳಗೆ ಹರಿಯುತ್ತದೆ — ಇದನ್ನು ಅಫ್ಜಲ್‌ಗೆ ಪಾಠ ಮಾಡಿದವನೇ ನಾನು. ಆದರೂ ಅವನಿಲ್ಲದಾಗ ಪಡಸಾಲೆಯಲ್ಲಿ, ಒಂದು ಸಲ ನೋಡುವ ಆಸೆಗೆ, ಮುಚ್ಚಳ ತೆಗೆದುಬಿಟ್ಟೆ. ನೆರಳಿದೆಯಲ್ಲ ಅಂದುಕೊಂಡೆ... ಆಮೇಲೆ ಕತ್ತಲ ಕೋಣೆಗೆ ಹೋಗಿ, ಏನೂ ಆಗಿಲ್ಲ ಎಂಬಂತೆ ಕ್ಯಾಮೆರಾಗೆ ತುಂಬಿದೆ.

ಫೋಟೊ ತೆಗೆದ ಮೇಲೆ ಕತ್ತಲಲ್ಲಿ ರೀಲು ಹೊರತೆಗೆದವನು ಅಫ್ಜಲ್. ತೊಳೆದಾಗ ನೆಗೆಟಿವ್ ಪೂರ್ತಿ ಕಪ್ಪು. ಅಷ್ಟರಲ್ಲಿ ಮರ ಉರುಳಿತ್ತು. ನನ್ನ ಬಾಯಿಂದ ಬಂದ ಮಾತು —

"ನೀ ತೆಗಿಯುವಾಗ ಬೆಳಕು ಬಿದ್ದೈತಲೇ."

ಅವನು ತನ್ನ ಕೈಗಳನ್ನೇ ನೋಡಿಕೊಂಡ.

ಅಂದಿನಿಂದ ಅವನು ರೀಲು ಮುಟ್ಟಲೇ ಇಲ್ಲ. ಪ್ರತಿ ಸಲ ಬಸ್ಸು ಹತ್ತಿ ದಾವಣಗೆರೆಯ ನನ್ನ ಮನೆಗೆ ಬಂದು, "ನನ್ನ ಕೈ ಸರಿ ಇಲ್ಲಪ, ನೀನೇ ಬಿಚ್ಚು" ಅನ್ನುತ್ತಿದ್ದ. ತೊಳೆಯುವ ಮುನ್ನ ಯಾವ ರೀಲನ್ನಾದರೂ ಕತ್ತಲಲ್ಲೇ ಬಿಚ್ಚಬೇಕು; ಬೆಳಕು ನುಗ್ಗದ ಕಪ್ಪು ಚೀಲದ ತೋಳುಗಳೊಳಗೆ ಮೊಣಕೈವರೆಗೂ ಕೈ ತೂರಿಸಿ ಕೂರುತ್ತಿದ್ದೆ. ನಡುವೆ ಕೈ ತೆಗೆಯುವಂತಿಲ್ಲ, ಏಳುವಂತಿಲ್ಲ. ಎದುರಿಗೆ ಅವನು — ಅಷ್ಟು ನಂಬಿಕೆಯಿಂದ. ಹೇಳಬೇಕು ಅನ್ನಿಸುತ್ತಿತ್ತು. ಬೆರಳು ಆಡುತ್ತಿದ್ದವು, ನಾಲಿಗೆ...

ಮೊನ್ನೆ ಭಾನುವಾರ, ಹಾಗೇ ಕೂತಿದ್ದಾಗ ಅಂದ: "ಈ ಕ್ಯಾಮೆರಾ ನಿನ್ನ ಹತ್ರಾನೇ ಇರ್ಲಿ. ನನಗ್ಯಾಕ?"

ಕೈ ಚೀಲದೊಳಗೆ ಇರುವಾಗಲೇ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಹಂಗಾದ್ರೆ ಅವತ್ತು ನನ್ನ ಕೈ ಸರಿ ಇತ್ತಾ?" ಅಂದ.

ಇತ್ತು ಅಂದೆ.

ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಎದ್ದು ಹೋದ. ಫೋನ್ ಎತ್ತುತ್ತಿಲ್ಲ. ಎತ್ತು ಎಂದು ಕೇಳುವ ಮುಖ ನನಗೂ ಇಲ್ಲ.

ಒಬ್ಬರು ತಮ್ಮ ಕೈಯನ್ನೇ ನಂಬದಂತೆ ನೀವೂ ಎಂದಾದರೂ ಮಾಡಿದ್ದರೆ — ಆಮೇಲೆ ಏನು ಮಾಡಿದಿರಿ? ಕೆಳಗೆ ಬರೆಯಿರಿ. ನನಗೆ ತಿಳಿಯಬೇಕಿದೆ.