ಪೂಜೆಗೆ ನಿಂತ ವೆಬ್‌ಸೈಟ್

ಬಾಗಲಕೋಟೆಯಲ್ಲಿದ್ದ ನಮ್ಮ ವಿಶ್ವವಿದ್ಯಾಲಯ ಕೇಂದ್ರದ ವೆಬ್‌ಸೈಟನ್ನು ಸಂಬಳವಿಲ್ಲದೆ ನಡೆಸುತ್ತಿದ್ದವರು ನಾವು ಕೆಲವು ವಿದ್ಯಾರ್ಥಿಗಳು. ಇಡೀ ಸೈಟು ಲ್ಯಾಬಿನ ಮೂಲೆಯ ಒಂದು ಕಂಪ್ಯೂಟರಿನಲ್ಲಿತ್ತು. ಅದು ಚಾಲೂ ಇದ್ದರೆ ಜಗತ್ತಿಗೆ ಕಾಣುತ್ತಿದ್ದೆವು, ಇಲ್ಲದಿದ್ದರೆ ಇಲ್ಲ. ದಸರೆ ರಜೆ ಬಂದಾಗ ಖಂಡೆ ಪೂಜೆಯನ್ನು, ಅಂದರೆ ಆಯುಧಪೂಜೆಯನ್ನು, ಲ್ಯಾಬಿನ ಸಹಾಯಕರಿಗೆ ಒಪ್ಪಿಸಿ ಊರುಗಳಿಗೆ ಹೊರಟುಬಿಟ್ಟೆವು. ಕಂಪ್ಯೂಟರಿಗೆ ಕುಂಕುಮ ಯಾಕೆ ಎಂದು ನಾನು ವಾದಿಸಿದ್ದೆ, ಯಾರೂ ಕೇಳಲಿಲ್ಲ.

ನವಮಿಯ ಬೆಳಿಗ್ಗೆ ಹುನಗುಂದದ ನಮ್ಮ ಪಕ್ಕದ ಮನೆಗೆ ಇಳಕಲ್ಲಿನಿಂದ ಗೆಳತಿಯ ಫೋನು ಬಂತು. "ಸೈಟ್ ಬಂದ್ ಐತಿ. ಪುಣೆ ಸರ್ ನೋಡಿದ್ರಂತ, ತೆರೀಲಿಲ್ಲಂತ."

ಆಕೆ ನೇಕಾರರ ಮಗಳು. ಇಳಕಲ್ ಸೀರೆಯ ವಿನ್ಯಾಸಗಳನ್ನು ಬಿಡಿಸುವ ಪ್ರೋಗ್ರಾಂ ಬರೆದು ಸೈಟಿನ ಒಂದು ಪುಟದಲ್ಲಿ ಹಾಕಿದ್ದಳು. ಪುಣೆಯ ಪ್ರಾಧ್ಯಾಪಕರೊಬ್ಬರು ಅದನ್ನು ನೋಡಿ ಸಂಶೋಧನೆಗೆ ಒಬ್ಬರನ್ನು ಆರಿಸಿಕೊಳ್ಳುವವರಿದ್ದರು. ಸಂಜೆ ಇನ್ನೊಮ್ಮೆ ನೋಡುತ್ತೇನೆ, ಆಮೇಲೆ ನಿರ್ಧಾರ ಎಂದಿದ್ದರು. ಮುಂದೆ ಓದುತ್ತೇನೆಂದು ಮನೆಯಲ್ಲಿ ಎರಡನೇ ಸಲ ಕೇಳುವ ಸ್ಥಿತಿ ಆಕೆಗಿರಲಿಲ್ಲ.

ಸಹಾಯಕರದೂ ಇಳಕಲ್ಲೇ. ನಾನು ಬಸ್ಸು ಹಿಡಿದು ಅಲ್ಲಿಗೆ ಬಂದೆ, ಇಬ್ಬರೂ ಅವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಮಗ್ಗ ಚೆಂಡುಹೂ ಮುಡಿದು ನಿಂತಿತ್ತು. ಕಂಪ್ಯೂಟರ್ ಆರಿಸಿದ್ದನ್ನು ಅವರು ಮುಚ್ಚಿಡಲಿಲ್ಲ.

"ಓಡೂ ಮಗ್ಗಕ್ಕ ಯಾರರ ಕುಂಕುಮ ಹಚ್ತಾರೇನು ಯವ್ವಾ? ಕಂಪ್ಯೂಟರೂ ದುಡಿಯೂದ ಅಲ್ಲ? ನಾಳೆ ಬನ್ನಿ ಕೊಟ್ಟ ಮ್ಯಾಲ ಚಾಲೂ ಮಾಡ್ತೇನಿ."

ಬಸ್ಸಿಗೂ ಪೂಜೆಯಾಗಿದೆ, ಬಾಳೆಗಿಡ ಕಟ್ಟಿಕೊಂಡೇ ನನ್ನನ್ನು ಇಲ್ಲಿಗೆ ತಂದಿದೆ ಎಂದೆ. ಅದು ಸರಕಾರದ್ದು, ಅದರ ಲೆಕ್ಕ ಸರಕಾರಕ್ಕೆ ಎಂದರು. ಕೇಂದ್ರವೂ ಸರಕಾರದ್ದೇ ಎಂದೆ. ಅವರು ನಕ್ಕರು. ಚರ್ಚಾಸ್ಪರ್ಧೆಯಾಗಿದ್ದರೆ ಅಲ್ಲಿಗೆ ನಾನು ಗೆದ್ದಂತೆ. ಆದರೆ ಲ್ಯಾಬಿನ ಕೀಲಿ ಅವರ ಜೇಬಿನಿಂದ ಹೊರಬರಲಿಲ್ಲ.

ಅಷ್ಟು ಹೊತ್ತು ಮಗ್ಗದ ಕಡೆ ನೋಡುತ್ತಿದ್ದ ಗೆಳತಿ ಮೆಲ್ಲಗೆ ಹೇಳಿದಳು: "ಕಾಕಾ, ನಮ್ಮನ್ಯಾಗೂ ಮಗ್ಗ ನಿಂತೈತಿ. ನಾ ಅದನ್ನ ಮುಟ್ಟಂಗಿಲ್ಲ. ಇದೊಂದು ಬಿಡ್ರಿ."

ಅವರು ಜೇಬಿನಿಂದ ಕೀಲಿ ತೆಗೆದು ಕೊಟ್ಟರು. "ನಾ ಬರಂಗಿಲ್ಲ. ಹೂ ಮಾತ್ರ ತಗೀಬ್ಯಾಡ್ರಿ."

ಬಾಗಲಕೋಟೆಯ ಬಸ್ಸು ಅಮೀನಗಡದಲ್ಲಿ ನಿಂತಿತು. ಕಂಡಕ್ಟರ್ ಕರದಂಟಿನ ಸಿಹಿ ಅಂಗಡಿಗೆ ಇಳಿದವರು ಬರುವ ಲಕ್ಷಣವೇ ಇರಲಿಲ್ಲ. ಮನೆಗೆ ಅರ್ಧ ಕಿಲೋ ಕಟ್ಟಿಸುತ್ತಿದ್ದರಂತೆ. ನಾನು ಜಗಳಕ್ಕೆ ಎದ್ದೆ. ಗೆಳತಿ ಸೆರಗು ಹಿಡಿದು ಕೂರಿಸಿದಳು. "ನೀ ಜಗಳಾಡಿದ್ರ ಇನ್ನೂ ತಡಾ ಆಕ್ಕೈತಿ."

ಲ್ಯಾಬು ಮುಟ್ಟಿದಾಗ ಬಿಸಿಲು ಇಳಿದಿತ್ತು. ಚೆಂಡುಹೂವಿನ ಮಾಲೆಯ ಕೆಳಗೆ ಬೆರಳು ತೂರಿಸಿ ಆಕೆಯೇ ಗುಂಡಿ ಒತ್ತಿದಳು. ಹೊರಗಿನಿಂದ ಯಾರಾದರೂ ಪುಟ ತೆರೆದರೆ ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು. ಪರದೆ ಖಾಲಿ ಇತ್ತು. ಪುಣೆಯವರು ಆಗಲೇ ನೋಡಿಬಿಟ್ಟಿದ್ದರೆ?

ಕೊನೆಗೊಂದು ಸಾಲು ಬಂತು. ಆಕೆಯ ಪುಟ. ವಿಳಾಸ ಗೊತ್ತಿದ್ದದ್ದು ಪುಣೆಯವರೊಬ್ಬರಿಗೇ, ಹಾಗಾಗಿ ನನಗೂ ಸಂಶಯಕ್ಕೆ ಜಾಗವಿರಲಿಲ್ಲ. ಇನ್ನೊಂದು ಸಾಲು: ದಡಿಯ, ಅಂದರೆ ಸೀರೆಯಂಚಿನ, ಚಿತ್ರ. ಆಮೇಲೆ ಏನೂ ಇಲ್ಲ. ಸೀರೆಯ ಒಡಲು ಬಾಕಿ, ಸೆರಗು ಬಾಕಿ.

"ಸಾಕಾತು ಕಾಣ್ತೈತಿ ಅವರಿಗೆ," ಎಂದಳು. ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಒಡಲು ಬಂತು. ಸ್ವಲ್ಪ ಬಿಟ್ಟು ಸೆರಗು. ಪರದೆ ಮತ್ತೆ ಸುಮ್ಮನಾಯಿತು. ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಇನ್ನೊಂದು ಸಾಲು ಮೂಡಿತು. ಗೆಳತಿ ನನ್ನ ಮಣಿಕಟ್ಟು ಹಿಡಿದಳು.

"ಕೂಡು," ಎಂದಳು. "ಸೆರಗು ಮತ್ತ ತಗದು ನೋಡಾಕತ್ತಾರ."